ಅರ್ಜೆಂಟೊನ ಕೊನೆಯ ಸಿನಿಮಾಗಳು ಪೇಲವವಂತೆ, ನಾನು ಒಪ್ಪಲ್ಲ

ಮೊನ್ನೆ ಭಾನುವಾರ ರಾತ್ರಿ ಮನೆಗೆ ಬಂದಿದ್ದ ಗೆಳೆಯನಿಗೆ ಇಟಲಿಯ ಹಾರರ್ ನಿರ್ದೇಶಕ ಡಾರಿಯೊ ಅರ್ಜೆಂಟೊನ ‘ಕಾರ್ಡ್ ಪ್ಲೇಯರ್’ ಹಾಕಿ ತೋರಿಸಿದೆ. 2004ರ ಸಿನಿಮಾ. ಅರ್ಧ ಗಂಟೆ ಕೂಡ ಆಗಿರಲಿಲ್ಲ. ನೀರು ಕುಡಿಯೋಕೆ ಅಂತ ಎದ್ದು ಹೋದವನು ಅಡುಗೆಮನೆಯಿಂದಲೇ ಕೂಗಿದ: “ಇದೇನು ಮಾರಾಯ, ಸೀರಿಯಲ್ ಥರ ಇದೆ! ಸಸ್ಪಿರಿಯಾ ಮಾಡಿದವನೇನಾ ಇದನ್ನೂ ಮಾಡಿದ್ದು?”

ಈ ಮಾತು ನನಗೆ ಹೊಸದಲ್ಲ. ಹಾರರ್ ಸಿನಿಮಾ ಹುಚ್ಚಿರುವವರು ನಾಲ್ಕು ಜನ ಸೇರಿದರೆ ಸಾಕು, ಇದೇ ತೀರ್ಪು. 1987ರ ‘ಒಪೆರಾ’ ತನಕ ಅವನಂಥವನು ಇನ್ನೊಬ್ಬನಿಲ್ಲ, ಆಮೇಲೆ ಬಣ್ಣ ಹೋಯಿತು, ಬೆಳಕು ಹೋಯಿತು, ಎಲ್ಲ ಪೇಲವ ಆಯಿತು ಅಂತ. ಅವತ್ತು ರಾತ್ರಿ ಒಂದೂವರೆ ತನಕ ವಾದ ಮಾಡಿದೆವು. ಅವನು ಎದ್ದು ಹೋದ ಮೇಲೂ ನನ್ನೊಳಗೆ ಅದು ನಡೆಯುತ್ತಲೇ ಇತ್ತು. ಅದಕ್ಕೇ ಇಲ್ಲಿ ಬರೆಯುತ್ತಿದ್ದೇನೆ. ಉದ್ದ ಇದೆ, ಪುರುಸೊತ್ತು ಮಾಡಿಕೊಂಡು ಓದಿ.

ಗೊತ್ತಿಲ್ಲದವರಿಗೆ ಎರಡು ಮಾತು. ಅರ್ಜೆಂಟೊ ರೋಮ್‌ನವನು, ಹುಟ್ಟಿದ್ದು 1940ರಲ್ಲಿ. ಅಪ್ಪ ಸಿನಿಮಾ ನಿರ್ಮಾಪಕ, ಅಮ್ಮ ಫೋಟೋಗ್ರಾಫರ್. ಮೊದಲು ಪತ್ರಿಕೆಗೆ ಸಿನಿಮಾ ವಿಮರ್ಶೆ ಬರೆಯುತ್ತಿದ್ದ. 1970ರಲ್ಲಿ ಮೊದಲ ಸಿನಿಮಾ ಮಾಡಿದ. ಇಟಲಿಯಲ್ಲಿ ಕೊಲೆ, ಪತ್ತೇದಾರಿ ಕಥೆಗಳಿಗೆ ‘ಜಾಲೋ’ ಅನ್ನುತ್ತಾರೆ. ಜಾಲೋ ಅಂದರೆ ಹಳದಿ. ಹಳದಿ ರಟ್ಟಿನ ಅಗ್ಗದ ಪುಸ್ತಕಗಳಿಂದ ಬಂದ ಹೆಸರು ಅದು. ಆ ಬಗೆಯ ಸಿನಿಮಾವನ್ನು ಜಗತ್ತಿಗೆಲ್ಲ ಮುಟ್ಟಿಸಿದವರಲ್ಲಿ ಇವನೇ ಮುಂದೆ.

ಈಗ ‘ಸಸ್ಪಿರಿಯಾ’ ಮಾತು. 1977. ಜರ್ಮನಿಯ ಫ್ರೈಬುರ್ಗ್‌ನ ಒಂದು ಬ್ಯಾಲೆ ಶಾಲೆ, ಅದರೊಳಗೆ ಮಾಟಗಾತಿಯರು. ಅದನ್ನು ನೋಡಿದವರು ಕಥೆ ಮರೆಯಬಹುದು, ಆ ಕೆಂಪನ್ನು ಮರೆಯೋದಿಲ್ಲ. ಕ್ಯಾಮೆರಾ ಹಿಡಿದವನು ಲುಚಾನೊ ತೋವೊಲಿ. ಅರ್ಜೆಂಟೊ ಅವನಿಗೆ ಡಿಸ್ನಿಯ 1937ರ ‘ಸ್ನೋ ವೈಟ್’ ಬಣ್ಣಗಳು ಬೇಕು ಅಂದಿದ್ದ. ತೋವೊಲಿ ಬಣ್ಣದ ಬಟ್ಟೆ, ಕಾಗದ ಎಲ್ಲ ಚೌಕಟ್ಟಿಗೆ ಬಿಗಿದು, ಜೋರಾದ ದೀಪದ ಮುಂದೆ ಹಿಡಿದು, ನಟರ ಮುಖಕ್ಕೆ ತೀರಾ ಹತ್ತಿರ ತಂದ. ಪ್ರಿಂಟ್ ಹಾಕಿಸಿದ್ದು ರೋಮ್‌ನ ಟೆಕ್ನಿಕಲರ್ ಲ್ಯಾಬಿನ ಹಳೇ ಪದ್ಧತಿಯಲ್ಲಿ. ಅದು ನಮ್ಮ ಸೀರೆಗೆ ಅಚ್ಚು ಹಾಕುವ ಕೆಲಸದ ಥರ. ಒಂದೊಂದು ಬಣ್ಣಕ್ಕೂ ಬೇರೆ ಅಚ್ಚು, ಒಂದರ ಮೇಲೊಂದು ಫಿಲ್ಮಿಗೆ ಒತ್ತುತ್ತಾರೆ. ಆ ಕೆಂಪು ಅಷ್ಟು ದಟ್ಟವಾಗಿ ಕೂರೋದು ಅದಕ್ಕೇ. ಆ ಯಂತ್ರದಲ್ಲಿ ಅಚ್ಚಾದ ಕೊನೆಯ ಕೆಲವು ಸಿನಿಮಾಗಳಲ್ಲಿ ಇದೂ ಒಂದು. ಸೆಟ್ಟಿನ ಬಾಗಿಲುಗಳ ಹಿಡಿಗಳನ್ನು ಬೇಕೆಂದೇ ಮೇಲಕ್ಕೆ ಹಾಕಿದ್ದರು. ಕಥೆ ಮೊದಲು ಚಿಕ್ಕ ಮಕ್ಕಳದ್ದಾಗಬೇಕಿತ್ತು. ದೊಡ್ಡ ಹುಡುಗಿಯರನ್ನು ಹಾಕಿಕೊಂಡ ಮೇಲೂ ಹಿಡಿ ಅಲ್ಲೇ ಉಳಿಯಿತು. ಹಾಗಾಗಿ ಆ ಮನೆಯಲ್ಲಿ ಎಲ್ಲರೂ ಮಕ್ಕಳ ಹಾಗೆ ಕೈ ಎತ್ತಿ ಬಾಗಿಲು ತೆಗೆಯುತ್ತಾರೆ. ಮುಂದಿನ ಸಲ ನೋಡುವಾಗ ಗಮನಿಸಿ.

ನಾನೂ ಆ ಸಿನಿಮಾದ ಭಕ್ತನೇ. ಆದರೆ ನನ್ನ ಗೆಳೆಯ, ಮತ್ತು ಅವನಂಥ ಎಷ್ಟೋ ಜನ, ಅಲ್ಲಿಂದ ಒಂದು ತಪ್ಪು ಪಾಠ ಕಲಿತಿದ್ದಾರೆ. ಅರ್ಜೆಂಟೊ ಅಂದರೆ ಕೆಂಪು, ನೀಲಿ ಲೈಟು. ಅದು ಇದ್ದರೆ ಒಳ್ಳೇ ಅರ್ಜೆಂಟೊ, ಇಲ್ಲದಿದ್ದರೆ ಕೆಟ್ಟ ಅರ್ಜೆಂಟೊ. ಲೆಕ್ಕ ಅಷ್ಟೇ.

ಹಾಗಾದರೆ ‘ಟೆನೆಬ್ರೆ’ಯನ್ನು ಏನು ಮಾಡೋಣ? 1982. ಸಸ್ಪಿರಿಯಾ ಆಗಿ ಬರೀ ಐದು ವರ್ಷ. ಅದೇ ತೋವೊಲಿ. ಹೆಸರಿನ ಅರ್ಥವೇ ಕತ್ತಲು, ಆದರೆ ಸಿನಿಮಾದಲ್ಲಿ ಕತ್ತಲು ಹುಡುಕಿದರೂ ಸಿಗೋದಿಲ್ಲ. ಬಿಳೀ ಗೋಡೆ, ಬಿಳೀ ಬಟ್ಟೆ, ರೋಮ್‌ನ ಹೊಸ ಬಡಾವಣೆಯ ಸಿಮೆಂಟು, ಗಾಜು, ಸುಡುವ ಬಿಸಿಲು. ರಾತ್ರಿ ದೃಶ್ಯದಲ್ಲೂ ಆಸ್ಪತ್ರೆ ವಾರ್ಡಿನಂಥ ಬೆಳಕು. ಬಚ್ಚಿಟ್ಟುಕೊಳ್ಳೋಕೆ ಒಂದು ನೆರಳೂ ಇಲ್ಲ, ಆದರೂ ಕೊಲೆ ನಡೆಯುತ್ತದೆ. ಅದರಲ್ಲೊಂದು ಶಾಟ್ ಇದೆ. ಕ್ರೇನಿನ ಮೇಲಿನ ಕ್ಯಾಮೆರಾ ಒಂದು ಮನೆಯ ಗೋಡೆ ಹತ್ತಿ, ಕಿಟಕಿಯೊಳಗೆ ಇಣುಕಿ, ಹೆಂಚಿನ ಮೇಲೆ ತೆವಳಿ, ಆ ಕಡೆ ಇಳಿದು ಇನ್ನೊಂದು ಕಿಟಕಿಗೆ ಬರುತ್ತದೆ. ಒಂದೇ ಶಾಟ್, ಎರಡೂವರೆ ನಿಮಿಷದಷ್ಟು. ಹಿಂದೆ ಸಂಗೀತ ಜೋರಾಗಿ ಬಡಿಯುತ್ತಿರುತ್ತದೆ. ನಾವು ಅದನ್ನು ಹಿನ್ನೆಲೆ ಸಂಗೀತ ಅಂದುಕೊಂಡಿರುತ್ತೇವೆ, ಅಷ್ಟರಲ್ಲಿ ಮನೆಯೊಳಗಿನ ಹೆಂಗಸು ಅದನ್ನು ಕಮ್ಮಿ ಮಾಡು ಅಂತ ಕೂಗುತ್ತಾಳೆ! ಅದು ಮನೆಯೊಳಗೇ ಓಡುತ್ತಿದ್ದ ರೆಕಾರ್ಡು. ಮೊದಲ ಸಲ ನೋಡಿದಾಗ ನಾನು ಹಿಂದಕ್ಕೆ ಹೋಗಿ ಹೋಗಿ ಮೂರು ಸಲ ನೋಡಿದ್ದೆ. ಇಲ್ಲಿ ಕೆಂಪು ಲೈಟ್ ಎಲ್ಲಿದೆ ಹೇಳಿ.

ಅಂದರೆ ಬಣ್ಣವನ್ನು ಬಿಟ್ಟದ್ದು ವಯಸ್ಸಾದ ಮೇಲಲ್ಲ. ನಲವತ್ತೆರಡರ ಹರಯದಲ್ಲಿ, ಕೈ ಚೆನ್ನಾಗಿ ಓಡುತ್ತಿದ್ದಾಗಲೇ, ಬೇಕೆಂದೇ ಬಿಟ್ಟ. ಕಥೆಗೆ ಯಾವ ಬೆಳಕು ಬೇಕೋ ಅದನ್ನು ತಂದ. ಮಾಟಗಾತಿ ಕಥೆಗೆ ಒಂದು ಬೆಳಕು, ಊರ ನಡುವಿನ ಕೊಲೆಗಾರನಿಗೆ ಇನ್ನೊಂದು.

ಇದಕ್ಕೆ ನನ್ನ ಗೆಳೆಯ ಹೇಳಿದ್ದು, ಆಗ ಒಳ್ಳೇ ಕ್ಯಾಮೆರಾಮನ್‌ಗಳಿದ್ದರು, ಆಮೇಲೆ ಸಿಗಲಿಲ್ಲ ಅಂತ. ಇದು ಸುಮ್ನೆ ಮಾತು. 1996ರ ‘ಸ್ಟೆಂಡಾಲ್ ಸಿಂಡ್ರೋಮ್’ಗೆ ಕ್ಯಾಮೆರಾ ಹಿಡಿದದ್ದು ಜುಸೆಪ್ಪೆ ರೊತುನ್ನೊ. ಇಟಲಿಯ ದೊಡ್ಡ ನಿರ್ದೇಶಕರಾದ ವಿಸ್ಕೊಂಟಿ, ಫೆಲಿನಿ ಇಬ್ಬರಿಗೂ ಕೆಲಸ ಮಾಡಿದ ಮನುಷ್ಯ. ‘ಒಪೆರಾ’, 1998ರ ‘ಫ್ಯಾಂಟಮ್ ಆಫ್ ದಿ ಒಪೆರಾ’, 2001ರ ‘ಸ್ಲೀಪ್‌ಲೆಸ್’ ಮೂರಕ್ಕೂ ರಾನಿ ಟೇಲರ್. ಈ ಹೆಸರು ನಮಗೆ ಹತ್ತಿರದ್ದು. ನಮ್ಮ ದೇಶದಲ್ಲೇ ಚಿತ್ರೀಕರಣ ಆದ ಆಟನ್‌ಬರೋ ಅವರ ‘ಗಾಂಧಿ’ಗೆ ಆಸ್ಕರ್ ಹಂಚಿಕೊಂಡ ಕ್ಯಾಮೆರಾಮನ್ ಅವನೇ. ‘ಕಾರ್ಡ್ ಪ್ಲೇಯರ್’ಗೆ ಬೆನ್ವಾ ದೆಬಿ, ಫ್ರಾನ್ಸಿನ ನಿರ್ದೇಶಕ ಗಾಸ್ಪಾರ್ ನೋಯೆಯ ಸಿನಿಮಾಗಳಿಗೆ ಕ್ಯಾಮೆರಾ ಹಿಡಿದವನು. ಇವರೆಲ್ಲ ಬೆಳಕು ಗೊತ್ತಿಲ್ಲದವರಾ?

ಇನ್ನೂ ಗಟ್ಟಿಯಾದ ಸಾಕ್ಷಿ ‘ಡ್ರಾಕುಲಾ 3ಡಿ’. 2012ರದ್ದು. ಅದಕ್ಕೆ ಕ್ಯಾಮೆರಾ ಹಿಡಿದದ್ದು ಯಾರು ಗೊತ್ತಾ? ತೋವೊಲಿ. ಸಸ್ಪಿರಿಯಾದ ತೋವೊಲಿಯೇ. ಬಣ್ಣವೂ ಇದೆ, ಧಾರಾಳವಾಗಿ. ಆದರೂ ಕೂತು ನೋಡೋಕೆ ಆಗಲ್ಲ. ಕಂಪ್ಯೂಟರಿನಲ್ಲಿ ಮಾಡಿದ ದೊಡ್ಡ ಮಿಡತೆಯಂಥ ಹುಳವೊಂದು ಮೆಟ್ಟಿಲ ಹತ್ತಿರ ಬರುವ ದೃಶ್ಯವಂತೂ ನನಗೆ ಬಹಳ ಬೇಸರ ತಂದಿತ್ತು. ಈ ಸಿನಿಮಾವನ್ನು ನಾನು ಯಾವ ಕಾರಣಕ್ಕೂ ಸಮರ್ಥಿಸೋದಿಲ್ಲ. ಹಾಗೇ ‘ಫ್ಯಾಂಟಮ್’. ಮೇಣದಬತ್ತಿ, ಗುಹೆ, ರೇಷ್ಮೆ, ಬುಡಾಪೆಸ್ಟ್‌ನ ಒಪೆರಾ ಮನೆ, ಮೊರಿಕೋನೆಯ ಸಂಗೀತ. ಫ್ರೇಮ್ ಫ್ರೇಮೂ ಶ್ರೀಮಂತ. ಭಯ ಮಾತ್ರ ಇಲ್ಲ. ಹೀಗಿರುವಾಗ ಬಣ್ಣ ವಾಪಸ್ ತಂದರೆ ಎಲ್ಲ ಸರಿಹೋಗುತ್ತಿತ್ತು ಅನ್ನೋ ಮಾತು ನಿಲ್ಲೋದೇ ಇಲ್ಲ. ತಂದು ನೋಡಿದ್ದಾನೆ, ಸರಿಹೋಗಲಿಲ್ಲ.

ನನ್ನ ಮಟ್ಟಿಗೆ ಅರ್ಜೆಂಟೊನ ಸಿನಿಮಾ ಅಂದರೆ ನೋಡುವುದರ ಕಥೆ. ಒಬ್ಬರು ಏನನ್ನೋ ನೋಡುತ್ತಾರೆ, ನೋಡಿದ್ದು ಅರ್ಥ ಆಗೋದಿಲ್ಲ. ಮೊದಲ ಸಿನಿಮಾದಲ್ಲೇ ನಾಯಕ ಗ್ಯಾಲರಿಯ ಎರಡು ಗಾಜಿನ ಬಾಗಿಲುಗಳ ನಡುವೆ ಸಿಕ್ಕಿಬಿದ್ದು, ಒಳಗೆ ರಕ್ತ ಸುರಿಸುತ್ತಾ ಬಿದ್ದ ಹೆಂಗಸನ್ನು ನೋಡುತ್ತಾ ನಿಲ್ಲುತ್ತಾನೆ. ಕೂಗಿದರೆ ಕೇಳದು, ಒಳಗೆ ಹೋಗಲಾಗದು. 1975ರ ‘ಡೀಪ್ ರೆಡ್’ನಲ್ಲಿ ಕೊಲೆಯಾದ ಮನೆಯ ಗೋಡೆಯಲ್ಲಿ ಒಂದು ಚಿತ್ರ ನೋಡಿದ ನೆನಪು ನಾಯಕನಿಗೆ, ಆಮೇಲೆ ಹೋದರೆ ಅದು ಅಲ್ಲಿಲ್ಲ. ಇಡೀ ಸಿನಿಮಾ ಆ ಒಂದು ನೋಟದ ಬೆನ್ನು ಹತ್ತುತ್ತದೆ. ಉತ್ತರ ನಮ್ಮ ಕಣ್ಣಮುಂದೆಯೇ ಹಾದುಹೋಗಿರುತ್ತದೆ! ‘ಒಪೆರಾ’ದಲ್ಲಿ ಕೊಲೆಗಾರ ಹುಡುಗಿಯ ಕಣ್ಣ ಕೆಳಗೆ ಸೂಜಿಗಳ ಸಾಲನ್ನು ಟೇಪ್ ಹಾಕಿ ಅಂಟಿಸುತ್ತಾನೆ. ರೆಪ್ಪೆ ಮುಚ್ಚಿದರೆ ಚುಚ್ಚುತ್ತದೆ. ಕಣ್ಣು ಬಿಟ್ಟು ಕೊಲೆ ನೋಡಲೇಬೇಕು.

ಈ ದಾರ ಹಿಡಿದು ಬಂದರೆ ಕೊನೆಯ ಸಿನಿಮಾಗಳು ಬೇರೆಯಾಗಿ ಕಾಣುತ್ತವೆ. ‘ಸ್ಟೆಂಡಾಲ್ ಸಿಂಡ್ರೋಮ್’ ಶುರುವಾಗೋದು ಫ್ಲಾರೆನ್ಸ್‌ನ ಉಫಿಜಿ ಮ್ಯೂಸಿಯಂನಲ್ಲಿ, ನಿಜವಾದ ಉಫಿಜಿಯಲ್ಲೇ. ಪೊಲೀಸ್ ಹುಡುಗಿ ಚಿತ್ರಗಳನ್ನು ನೋಡುತ್ತಾ ನೋಡುತ್ತಾ ತಲೆ ಸುತ್ತಿ ಬೀಳುತ್ತಾಳೆ. ಅವಳಿಗೆ ಚಿತ್ರದೊಳಗಿನ ಸದ್ದು ಕೇಳುತ್ತದೆ. ಬ್ರೂಗಲ್ ಬರೆದ ಇಕಾರಸ್ ಚಿತ್ರದ ಸಮುದ್ರಕ್ಕೆ ಅವಳು ನೇರ ಇಳಿದುಬಿಡುತ್ತಾಳೆ. (ಆ ಚಿತ್ರ ಇರುವುದು ಬ್ರಸೆಲ್ಸ್‌ನಲ್ಲಿ, ಕಥೆಗೆ ಬೇಕು ಅಂತ ಉಫಿಜಿಗೆ ತಂದಿದ್ದಾನೆ.) ಮಾತ್ರೆ ನುಂಗಿದರೆ ಅದು ಗಂಟಲಲ್ಲಿ ಇಳಿಯುವುದನ್ನು ಕಂಪ್ಯೂಟರಿನಲ್ಲಿ ಮಾಡಿ ತೋರಿಸಿದ. ಇವತ್ತು ಅದು ಹಳತಾಗಿ ಕಾಣುತ್ತದೆ ನಿಜ. ಆದರೆ ದೇಹದೊಳಗೂ ನುಗ್ಗಿ ನೋಡಬೇಕು ಅನ್ನುವ ಆ ಹಟ ನೋಡಿ, ಅದು ಹಳೇ ಅರ್ಜೆಂಟೊನದ್ದೇ.

ಈಗ ಗೆಳೆಯ ಸೀರಿಯಲ್ ಅಂದ ‘ಕಾರ್ಡ್ ಪ್ಲೇಯರ್’ಗೆ ಬರುತ್ತೇನೆ. ಕೊಲೆಗಾರ ಒಬ್ಬ ಹುಡುಗಿಯನ್ನು ಎತ್ತಿಕೊಂಡು ಹೋಗಿ, ರೋಮ್ ಪೊಲೀಸರಿಗೆ ಇಂಟರ್ನೆಟ್ಟಿನಲ್ಲಿ ಪೋಕರ್ ಆಡಲು ಕರೆಯುತ್ತಾನೆ. ಪೊಲೀಸರು ಸೋತರೆ ಹುಡುಗಿ ಸಾಯುತ್ತಾಳೆ. ಆ ಮೊದಲ ಆಟದ ದೃಶ್ಯವನ್ನು ದಯವಿಟ್ಟು ಮತ್ತೆ ನೋಡಿ. ಆಫೀಸಿನ ಟ್ಯೂಬ್‌ಲೈಟ್ ಬೆಳಕು. ಬೂದು ಮೇಜು, ಬೂದು ಗೋಡೆ. ಸ್ಕ್ರೀನಿನಲ್ಲಿ ಇಸ್ಪೀಟ್ ಎಲೆಗಳು ದೊಡ್ಡದಾಗಿ ಕಾಣುತ್ತವೆ. ಹುಡುಗಿ ಮಾತ್ರ ವೆಬ್‌ಕ್ಯಾಮಿನ ಒಂದು ಚಿಕ್ಕ ಕಿಂಡಿಯಲ್ಲಿ. ಕೈ ಕಟ್ಟಿದೆ, ಬಾಯಿ ಕಟ್ಟಿದೆ, ಮುಖ ಚುಕ್ಕಿ ಚುಕ್ಕಿಯಾಗಿ ಒಡೆದಿದೆ, ದನಿ ಕೊರಕೊರ ಅನ್ನುತ್ತಿದೆ. ಸುತ್ತ ಪೊಲೀಸರು ನಿಂತಿದ್ದಾರೆ. ಎಲೆ ತಿರುಗಿದಾಗ ಎಲ್ಲರ ಕಣ್ಣೂ ಎಲೆಯ ಕಡೆ ಹೋಗುತ್ತದೆ, ಆಮೇಲೆ ಹುಡುಗಿಯ ಕಡೆ. ನನ್ನ ಕಣ್ಣೂ ಹಾಗೇ ಹೋಯಿತು. ಅದು ಗೊತ್ತಾದ ಕ್ಷಣ ಹೊಟ್ಟೆ ತೊಳೆಸಿದ ಹಾಗಾಯಿತು. ಜೀವ ಹೋಗುತ್ತಿದೆ, ನಾನು ರಾಜ ಬಂತಾ ರಾಣಿ ಬಂತಾ ಅಂತ ನೋಡುತ್ತಿದ್ದೇನೆ.

ರಕ್ತಕ್ಕೇ ಹೆಸರಾದ ನಿರ್ದೇಶಕ ಇಲ್ಲಿ ಕೊಲೆಯನ್ನು ಒಂದು ಕಿಂಡಿಗೆ ಇಳಿಸಿದ. ಗಾಜಿನ ಬಾಗಿಲ ನಡುವೆ ಸಿಕ್ಕಿಬಿದ್ದ ಆ 1970ರ ನಾಯಕನೇ ಇಲ್ಲಿ ಕಂಪ್ಯೂಟರ್ ಮುಂದೆ ಕೂತಿದ್ದಾನೆ. ಗಾಜು ಅದೇ, ಕೈಲಾಗದ ಸಂಕಟ ಅದೇ. ಈ ಕೋಣೆಗೆ ಕೆಂಪು, ನೀಲಿ ಲೈಟ್ ಹಾಕಿದ್ದರೆ ಅದು ನಾಟಕದ ಸ್ಟೇಜ್ ಆಗುತ್ತಿತ್ತು. ದೆಬಿ ಇಲ್ಲಿ ಆದಷ್ಟೂ ಇದ್ದ ಬೆಳಕಿನಲ್ಲೇ ತೆಗೆದಿದ್ದಾನೆ. ಆಫೀಸು ಆಫೀಸಿನಂತೆಯೇ ಕಾಣುತ್ತದೆ, ರಾತ್ರಿ ಕಪ್ಪಗಿದೆ. ನಾವು ದಿನಾ ಕೂರುವ ಜಾಗದಂತೆ ಕಾಣೋದರಿಂದಲೇ ಅದು ಕಾಡುತ್ತದೆ. ಸಿನಿಮಾ ಪೂರ್ತಿ ಚೆನ್ನಾಗಿದೆ ಅಂತ ನಾನು ಹೇಳುತ್ತಿಲ್ಲ. ನಡುವೆ ಎಳೆಯುತ್ತದೆ, ಮಾತುಗಳು ಕೆಲವು ಕಡೆ ಮರದ ಹಾಗಿವೆ. ಆದರೆ ಬೆಳಕಿನ ವಿಷಯಕ್ಕೆ ಬೈಯಬೇಡಿ. ಆ ಬೆಳಕು ಯೋಚಿಸಿ ಇಟ್ಟದ್ದು.

ಹಾಗಾದರೆ ಕೊನೆಯ ಕಾಲದಲ್ಲಿ ಏನೂ ಕಮ್ಮಿ ಆಗಲಿಲ್ಲವಾ? ಆಗಿದೆ. ಖಂಡಿತ ಆಗಿದೆ. ಅದನ್ನು ಒಪ್ಪದಿದ್ದರೆ ನಾನು ಪ್ರಾಮಾಣಿಕನಲ್ಲ. ಆದರೆ ಕಮ್ಮಿ ಆದದ್ದು ಬೇರೆ.

ಒಂದು, ಮನೆ. ‘ಡೀಪ್ ರೆಡ್’, ‘ಸಸ್ಪಿರಿಯಾ’, ‘ಇನ್ಫರ್ನೋ’, ‘ಟೆನೆಬ್ರೆ’ ನಾಲ್ಕಕ್ಕೂ ಕಲಾ ನಿರ್ದೇಶಕ ಜುಸೆಪ್ಪೆ ಬಸ್ಸಾನ್. ಅವನು ಕಟ್ಟಿದ ಕೋಣೆಗಳಿಗೆ ಜೀವ ಇರುತ್ತಿತ್ತು. 1980ರ ‘ಇನ್ಫರ್ನೋ’ದಲ್ಲಿ ಒಬ್ಬ ಹುಡುಗಿ ನೆಲಮಾಳಿಗೆಯ ಗುಂಡಿಯೊಂದಕ್ಕೆ ಬಿದ್ದ ಬೀಗದ ಕೈ ತೆಗೆಯಲು ಇಳಿಯುತ್ತಾಳೆ. ಅದು ಗುಂಡಿ ಅಲ್ಲ, ನೀರು ತುಂಬಿದ ಇಡೀ ಒಂದು ಹಜಾರ. ಕುರ್ಚಿ, ಚಿತ್ರಪಟ, ದೀಪದ ಗೊಂಚಲು ಎಲ್ಲ ನೀರೊಳಗೆ. ಆ ಕೋಣೆ ಯಾಕೆ ಅಲ್ಲಿದೆ ಅಂತ ಯಾರೂ ಹೇಳೋದಿಲ್ಲ. ನಮಗೂ ಕೇಳಬೇಕು ಅನಿಸೋದಿಲ್ಲ, ಅಷ್ಟು ಗಟ್ಟಿಯಾಗಿ ಅದು ಅಲ್ಲಿದೆ. 2007ರ ‘ಮದರ್ ಆಫ್ ಟಿಯರ್ಸ್’, ‘ಸಸ್ಪಿರಿಯಾ’, ‘ಇನ್ಫರ್ನೋ’ ಆದ ಮೇಲೆ ಇದೇ ಕಥೆಯ ಮೂರನೇ ಭಾಗ. ಮೂವರು ಮಾಟಗಾತಿ ತಾಯಂದಿರಲ್ಲಿ ಕೊನೆಯವಳು. ಇಪ್ಪತ್ತೇಳು ವರ್ಷ ಕಾದಿದ್ದರು ಜನ. ಅಲ್ಲಿ ಬಂದದ್ದು ಕಂದು ಬಣ್ಣದ ರೋಮ್, ಖಾಲಿ ಕಾರಿಡಾರ್, ಹೊರಗಿನಿಂದ ತಂದು ಹಾಕಿದ ಹಾಗಿರುವ ಒಂದು ಪಾಳು ಮನೆ. ಈ ಸಿನಿಮಾದ ವಿಷಯದಲ್ಲೂ ಬೈಯುವವರ ಜೊತೆ ನಾನೂ ನಿಲ್ಲುತ್ತೇನೆ. ಯಾಕೆಂದರೆ ಮಾಟಗಾತಿಯ ಕಥೆಯಲ್ಲಿ ಮನೆಯೇ ಮಾಟಗಾತಿ. ಮನೆ ಇಲ್ಲ ಅಂದರೆ ಅವಳೂ ಇಲ್ಲ.

ಎರಡು, ಎಡಿಟಿಂಗ್. ‘ಡೀಪ್ ರೆಡ್’ನಿಂದ ‘ಒಪೆರಾ’ ತನಕ ಎಡಿಟರ್ ಫ್ರಾಂಕೊ ಫ್ರಾತಿಚೆಲ್ಲಿ. ಈ ಹೆಸರನ್ನು ಯಾರೂ ಎತ್ತೋದಿಲ್ಲ. ಬಣ್ಣ ಹೋಯಿತು ಅಂತ ಅಳುವ ಬದಲು ಇವನು ಹೋದದ್ದಕ್ಕೆ ಬೇಜಾರು ಮಾಡಿಕೊಳ್ಳಬೇಕು. ಒಂದು ಬಾಗಿಲನ್ನು ಎಷ್ಟು ಹೊತ್ತು ತೋರಿಸಿದರೆ ಎದೆ ಹೊಡೆದುಕೊಳ್ಳುತ್ತದೆ, ಯಾವಾಗ ಕಡಿದರೆ ಬೆಚ್ಚುತ್ತೇವೆ, ಆ ಅಳತೆ ಅವನಿಗೆ ಗೊತ್ತಿತ್ತು. 2009ರ ‘ಜಾಲೋ’ ಅನ್ನೋ ಹೆಸರಿನದೇ ಸಿನಿಮಾದಲ್ಲಿ ಫ್ರೇಮ್‌ಗಳು ಅಷ್ಟೇನೂ ಕೆಟ್ಟದಾಗಿಲ್ಲ. ಒಂದು ಶಾಟ್ ಇನ್ನೊಂದಕ್ಕೆ ಹತ್ತೋದೇ ಇಲ್ಲ, ಅದು ತೊಂದರೆ.

ದುಡ್ಡೂ ಒಂದು ಕಾರಣ. ಎಂಬತ್ತರ ದಶಕದಲ್ಲಿ ಖಾಸಗಿ ಟಿವಿ ಬಂದು ಇಟಲಿಯ ಥಿಯೇಟರುಗಳು ಖಾಲಿಯಾದವು. ಅಷ್ಟು ದೊಡ್ಡ ಸೆಟ್ ಹಾಕಿಸುವ ನಿರ್ಮಾಪಕರು ಉಳಿಯಲಿಲ್ಲ. ಇದ್ದ ಮನೆ, ಇದ್ದ ಬೀದಿಗಳಲ್ಲೇ ತೆಗೆಯಬೇಕಾಯಿತು.

ಆದರೂ ಅವಕಾಶ ಸಿಕ್ಕಾಗ ಅವನು ಬಿಟ್ಟಿಲ್ಲ. ‘ಸ್ಲೀಪ್‌ಲೆಸ್’ನಲ್ಲಿ ಒಂದು ಕಾರ್ಪೆಟ್ ಶಾಟ್ ಇದೆ. ಥಿಯೇಟರಿನ ಹಿಂಭಾಗ, ನೆಲದ ಮೇಲೆ ಉದ್ದಕ್ಕೆ ಕಾರ್ಪೆಟ್. ಕ್ಯಾಮೆರಾ ನೆಲಕ್ಕೆ ಅಂಟಿಕೊಂಡು ಇರುವೆಯಂತೆ ಸಾಗುತ್ತದೆ. ಬರೀ ಕಾಲುಗಳು ಹಾದುಹೋಗುತ್ತವೆ. ಶೂ, ಚಪ್ಪಲಿ, ವೇಷದ ಕಾಲುಗಳು. ಯಾರ ಮುಖವೂ ಕಾಣೋದಿಲ್ಲ. ಇವುಗಳಲ್ಲಿ ಕೊಲೆಗಾರನ ಕಾಲು ಯಾವುದು ಅಂತ ನಾವು ಉಸಿರು ಹಿಡಿದಿರುತ್ತೇವೆ. ಕೊನೆಗೆ ಬ್ಯಾಲೆ ಹುಡುಗಿಯೊಬ್ಬಳ ಎರಡು ಪಾದ ನೆಲ ಬಿಟ್ಟು ಮೇಲಕ್ಕೆ ಏಳುತ್ತದೆ. ಅರವತ್ತು ದಾಟಿದ ಮನುಷ್ಯ ಮಾಡಿದ ಶಾಟ್ ಅದು. ಕಣ್ಣು ಹೋದವನು ಇದನ್ನು ಮಾಡೋಕೆ ಆಗುತ್ತಾ?

ಇನ್ನೊಂದು ವಿಷಯ. ಈ ಸಿನಿಮಾಗಳನ್ನು ನಾವು ನೋಡಿದ್ದಾದರೂ ಹೇಗೆ? ನಾನು ಮೊದಲು ಅರ್ಜೆಂಟೊನನ್ನು ನೋಡಿದ್ದು ಮೈಸೂರಿನ ಹಾಸ್ಟೆಲ್ ರೂಮಿನಲ್ಲಿ, ಗೆಳೆಯನ ಲ್ಯಾಪ್‌ಟಾಪಿನಲ್ಲಿ. ‘ಸಸ್ಪಿರಿಯಾ’ದ ಆ ಕಾಪಿಯಲ್ಲಿ ಎರಡೂ ಬದಿ ಕತ್ತರಿಸಿತ್ತು, ಕೆಂಪು ಇಟ್ಟಿಗೆ ಬಣ್ಣಕ್ಕೆ ತಿರುಗಿತ್ತು. ಇದಕ್ಕೇನಾ ಇಷ್ಟು ಹೊಗಳೋದು ಅನ್ನಿಸಿತ್ತು ನಿಜಕ್ಕೂ. 2017ರಲ್ಲಿ 4ಕೆ ರಿಸ್ಟೋರೇಷನ್ (ಹಳೇ ಫಿಲ್ಮನ್ನು ಶುಚಿ ಮಾಡಿ ತಂದ ಹೊಸ ಕಾಪಿ) ಬಂದ ಮೇಲೆ ಮತ್ತೆ ನೋಡಿದಾಗ ಬೇರೆಯದೇ ಸಿನಿಮಾ. ಅದೇ ಹಾಸ್ಟೆಲ್ಲಿನಲ್ಲಿ ‘ಸ್ಲೀಪ್‌ಲೆಸ್’ ನೋಡಿದ ಕಾಪಿ ಇನ್ನೂ ಕೆಟ್ಟದಿತ್ತು. ಕತ್ತಲೆ ದೃಶ್ಯಗಳೆಲ್ಲ ಬೂದಿ. ಹಳೇ ಸಿನಿಮಾಗಳಿಗೆ ಒಳ್ಳೇ ಪ್ರಿಂಟಿನಲ್ಲಿ ಎರಡನೇ ಅವಕಾಶ ಕೊಟ್ಟೆವು. ಹೊಸವಕ್ಕೆ ಅವತ್ತು ಕೊಟ್ಟ ತೀರ್ಪನ್ನೇ ಇವತ್ತಿಗೂ ಹೇಳುತ್ತಿದ್ದೇವೆ. ಇದು ಸರಿಯಲ್ಲ ಅಲ್ವಾ?

ಗೆಳೆಯನಿಗೆ ಕೊನೆಗೆ ಒಂದು ಪ್ರಶ್ನೆ ಕೇಳಿದೆ. ಗಾಸ್ಪಾರ್ ನೋಯೆಯ ‘ವೊರ್ಟೆಕ್ಸ್’ ನೋಡಿದ್ದೀಯಾ? 2021ರದ್ದು. ಪ್ಯಾರಿಸ್‌ನ ಒಂದು ಇಕ್ಕಟ್ಟು ಅಪಾರ್ಟ್‌ಮೆಂಟಿನಲ್ಲಿ ವಯಸ್ಸಾದ ಗಂಡ ಹೆಂಡತಿ, ಅವಳಿಗೆ ಮರೆವಿನ ಕಾಯಿಲೆ. ಗಂಡನ ಪಾತ್ರ ಮಾಡಿದ್ದು ಎಂಬತ್ತು ವರ್ಷದ ಅರ್ಜೆಂಟೊ. ಸಿನಿಮಾ ಮತ್ತು ಕನಸಿನ ಬಗ್ಗೆ ಪುಸ್ತಕ ಬರೆಯುತ್ತಾ ಕೂತಿರುವ ವಿಮರ್ಶಕ. ಗೆಳೆಯ ನೋಡಿದ್ದ, ಬಹಳ ಇಷ್ಟಪಟ್ಟಿದ್ದ. ಆ ಮನೆಯ ಬೆಳಕು ಎಷ್ಟು ನಿಜ, ಎಷ್ಟು ಮಂಕು, ಎದೆ ಭಾರ ಆಗುತ್ತದೆ ಅಂತೆಲ್ಲ ಹೇಳಿದ. ಅದಕ್ಕೆ ಕ್ಯಾಮೆರಾ ಹಿಡಿದವನು ಯಾರು ಅಂದೆ. ಗೊತ್ತಿರಲಿಲ್ಲ. ಬೆನ್ವಾ ದೆಬಿ. ‘ಕಾರ್ಡ್ ಪ್ಲೇಯರ್’ನವನೇ. ಹದಿನೇಳು ವರ್ಷದ ಹಿಂದೆ ಅರ್ಜೆಂಟೊಗಾಗಿ ಯಾವ ಬೆಳಕಿನಲ್ಲಿ ರೋಮ್ ತೆಗೆದಿದ್ದನೋ, ಅದರ ಹತ್ತಿರದ ಬೆಳಕಿನಲ್ಲೇ ಅರ್ಜೆಂಟೊನನ್ನೇ ಕೂರಿಸಿ ತೆಗೆದ. ಇಲ್ಲಿ ಯಾರೂ ಸೀರಿಯಲ್ ಅನ್ನಲಿಲ್ಲ.

ಗೆಳೆಯ ಸ್ವಲ್ಪ ಹೊತ್ತು ಸುಮ್ಮನಿದ್ದ. ಆಮೇಲೆ, “ಆದರೂ ಸಸ್ಪಿರಿಯಾ ಸಸ್ಪಿರಿಯಾನೇ ಕಣೋ” ಅಂದ. ಅದನ್ನು ನಾನು ಯಾವತ್ತೂ ಇಲ್ಲ ಅಂದಿಲ್ಲ.

ಬರುವ ಭಾನುವಾರ ಮತ್ತೆ ಬರುತ್ತೇನೆ ಅಂದಿದ್ದಾನೆ. 2022ರ ‘ಡಾರ್ಕ್ ಗ್ಲಾಸಸ್’ ಹಾಕುತ್ತೇನೆ. ಡ್ರಾಕುಲಾ ಆದ ಮೇಲೆ ಹತ್ತು ವರ್ಷ ಬಿಟ್ಟು ಮಾಡಿದ್ದು. ಕಣ್ಣು ಕಳೆದುಕೊಳ್ಳುವ ಒಬ್ಬ ಹೆಂಗಸಿನ ಕಥೆ. ಪೂರ್ತಿ ಸಿನಿಮಾ ಅವನಿಗೆ ಇಷ್ಟ ಆಗದೇ ಇರಬಹುದು, ಪರವಾಗಿಲ್ಲ. ಶುರುವಿನ ದೃಶ್ಯ ನೋಡಿದರೆ ಸಾಕು. ರೋಮ್‌ನಲ್ಲಿ ಹಾಡುಹಗಲು. ಅವಳು ಕಾರಿನಲ್ಲಿ ಬರುತ್ತಿದ್ದಾಳೆ. ದಾರಿಯಲ್ಲಿ, ಮನೆಗಳ ಮುಂದೆ ಜನ ನಿಂತು ಆಕಾಶ ನೋಡುತ್ತಿದ್ದಾರೆ. ಸೂರ್ಯಗ್ರಹಣ. ಅವಳೂ ಇಳಿದು ತಲೆ ಎತ್ತುತ್ತಾಳೆ. ನಾಯಿಗಳು ಬೊಗಳುತ್ತವೆ. ಮರ, ಹುಲ್ಲು, ಜನರ ಮುಖ, ಎಲ್ಲದರ ಬಣ್ಣ ಮೆಲ್ಲಗೆ ಇಳಿಯುತ್ತಾ ಹೋಗುತ್ತದೆ. ಅವಳಿಗೆ ಕಣ್ಣು ಉರಿಯುತ್ತದೆ, ಕಪ್ಪು ಕನ್ನಡಕ ಹಾಕಿಕೊಳ್ಳುತ್ತಾಳೆ.